ಮಾಡಿದವನೇ ಮೊದಲು ಕೂರಬೇಕು

ಜುಲೈ ಒಂಬತ್ತು, ಬೆಳಗ್ಗೆ ಏಳೂ ಇಪ್ಪತ್ತು. ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಇದನ್ನು ಬರೆಯಲು ಶುರು ಮಾಡಿದೆ. ಮೈಸೂರಿನ ಗಾಡಿ ನಲವತ್ತು ನಿಮಿಷ ತಡ ಎಂದಿದ್ದರು. ಹೊರಗಿನ ಅರಳಿಕಟ್ಟೆಯಲ್ಲಿ ಯಾರೋ ಹಚ್ಚಿಟ್ಟಿದ್ದ ದೀಪ ಗಾಳಿಗೆ ಆರಿ, ಬತ್ತಿಯಿಂದ ಹೊಗೆ ಎದ್ದಿತು. ಹರಳೆಣ್ಣೆ ಸುಟ್ಟ ವಾಸನೆ. ಬೇರೆಯವರಿಗೆ ಇದರಿಂದ ದೇವರಮನೆಯೋ ಬಾಣಂತಿ ಕೋಣೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಮೋಟಾರ್ ಸೈಕಲ್ಲು, ನನಗೆ ಇಪ್ಪತ್ತೊಂದು ವರ್ಷವಾಗಿದ್ದಾಗಿನ ಒಂದು ಮುಂಗಾರು, ಮತ್ತು ನಮ್ಮ ತಾತ. ತಾರೀಖುಗಳನ್ನು ಆಮೇಲೆ ಮನೆಯಲ್ಲಿ ಆ ವರ್ಷದ ಡೈರಿ ತೆಗೆದು ತಾಳೆ ನೋಡಿದ್ದೇನೆ.

ನಮ್ಮದು ಬೂಕನಕೆರೆ. ತಾತ ಎತ್ತಿನಗಾಡಿಯ ಚಕ್ರ ಮಾಡುತ್ತಿದ್ದ ಆಚಾರಿ. ಮರದ ಕೆಲಸ, ಕಬ್ಬಿಣದ ಕೆಲಸ ಎರಡೂ ಅವರದೇ. ಚಕ್ರಕ್ಕೆ ಕಬ್ಬಿಣದ ಪಟ್ಟ ಹಾಕುವ ದಿನ ನಮ್ಮ ಹಿತ್ತಲಲ್ಲಿ ಬೆರಣಿ ಬೆಂಕಿ ಉರಿಯುತ್ತಿತ್ತು, ಕೆಂಪಗೆ ಕಾದ ಪಟ್ಟದ ಮೇಲೆ ನೀರು ಸುರಿದಾಗ ಎದ್ದ ಹಬೆ ಬೀದಿಯ ತನಕ ಬರುತ್ತಿತ್ತು ಎಂದು ಅವ್ವ ಹೇಳುತ್ತಾಳೆ. ನಾನು ನೋಡಿದ್ದು ಎರಡೇ ಸಲ. ಅಷ್ಟರಲ್ಲಿ ಊರಿನ ಗಾಡಿಗಳಿಗೆಲ್ಲ ಟೈರು ಬಂದಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಚಕ್ರ ಹೊಸದಾಗಲಿ, ರಿಪೇರಿಯದಾಗಲಿ, ಅದನ್ನು ಗಾಡಿಗೆ ಏರಿಸಿದ ಮೇಲೆ ಮಾಡಿದವನೇ ಮೊದಲು ಕೂತು ಊರ ಗಡಿಯ ಕಲ್ಲಿನವರೆಗೆ ಹೋಗಿ ಬರಬೇಕು. ಅಲ್ಲಿಯವರೆಗೆ ಗಾಡಿ ಮಾಲೀಕನ ಕೈಗೆ ಹೋಗುವಂತಿಲ್ಲ. ಬೀಳುವುದಿದ್ದರೆ ಮಾಡಿದವನೇ ಬೀಳಲಿ ಎಂಬುದು ಅದರ ಅರ್ಥ. ಗಾಡಿಗೆ ಕೀಲೆಣ್ಣೆ ಹಾಕುವುದೂ ಮಾಡಿದವನ ಕೆಲಸವೇ. ತಾತ ಅದಕ್ಕೆ ಹರಳೆಣ್ಣೆ ಬಿಟ್ಟು ಬೇರೆ ಮುಟ್ಟಿದವರಲ್ಲ.

ಅಪ್ಪ ಮದುವೆಗೆ ಮುಂಚೆ ಒಂದು ಕೆಂಪು ಬೈಕು ತಂದಿದ್ದರು. ಮೈಸೂರಿನಲ್ಲೇ ತಯಾರಾಗುತ್ತಿದ್ದ, ಈಗ ನಿಂತುಹೋಗಿರುವ ಮಾದರಿ. ಎರಡು ಸೈಲೆನ್ಸರು, ಕಿಕ್ ಹೊಡೆಯುವ ಸರಳನ್ನೇ ಮಡಿಚಿದರೆ ಅದೇ ಗೇರು. ಅದು ಮನೆಗೆ ಬಂದ ದಿನದಿಂದ ಒಂಬತ್ತು ದಿನ ತಾತ ಅಪ್ಪನ ಹತ್ತಿರ ಮಾತಾಡಲಿಲ್ಲವಂತೆ. ಅವರ ಚಕ್ರಗಳನ್ನು ಕೇಳುವವರು ಕಡಿಮೆಯಾಗುತ್ತಿದ್ದ ಕಾಲ. ಮನೆಯ ಮಗನೇ ಇನ್ನೊಂದು ಚಕ್ರ ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಆಮೇಲೆ ಅಪ್ಪ ಶ್ರೀರಂಗಪಟ್ಟಣದಲ್ಲಿ ಮಂಚ, ಬೀರು ಮಾಡುವ ಅಂಗಡಿಗೆ ಸೇರಿದರು, ಸ್ಕೂಟರ್ ಕೊಂಡರು. ಬೈಕು ತಾತನ ಚಕ್ರದ ಕೊಟ್ಟಿಗೆಯ ಮೂಲೆ ಸೇರಿತು. ಅದರ ಸೀಟಿನ ಮೇಲೆ ಕೋಳಿ ಮಲಗುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ತಾತ ಅದರ ಪಕ್ಕದಲ್ಲೇ ಕೆಲಸ ಮಾಡಿದರು. ಒಂದು ಸಲವೂ ಮೇಲೆ ಕೂರಲಿಲ್ಲ.

ನನಗೆ ಡಿಗ್ರಿ ಮುಗಿದಿತ್ತು. ಪಾಂಡವಪುರದ ಅಂಚಿನಲ್ಲಿ ಜಯಮ್ಮ ಎಂಬವರು ಚಾಕಿ ಹುಳು ಸಾಕುತ್ತಿದ್ದರು. ಚಾಕಿ ಎಂದರೆ ರೇಷ್ಮೆಯ ಮರಿ ಹುಳು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎರಡನೇ ಜ್ವರಕ್ಕೆ ಕೂತ ಹುಳುವನ್ನು, ಅದು ಎದ್ದು ಸೊಪ್ಪಿಗೆ ಬಾಯಿ ಹಾಕುವುದರೊಳಗೆ, ಬಿಸಿಲು ಏರುವುದರೊಳಗೆ ರೈತರ ಮನೆಗೆ ಮುಟ್ಟಿಸಬೇಕು. ನಾಗಮಂಗಲದಾಚೆ ಬಿಂಡಿಗನವಿಲೆ ಕಡೆಗೆ ಹೋಗುವವರು ಅವರಿಗೆ ಬೇಕಾಗಿದ್ದರು.

ಜಯಮ್ಮ ನೇರ ಮಾತಿನ ಹೆಂಗಸು. "ಒಂಬತ್ ಗಂಟೆ ಒಳಗೆ ನಾಕು ಸಲ ಮುಟ್ಟುಸ್ಬುಡು, ಕೆಲ್ಸ ನಿಂದೆ. ಒಂದ್ಸಲ ತಡ ಆದ್ರೂ ಆಟೋದವನ್ನ ಕರೀತೀನಿ. ಬೇಜಾರ್ ಮಾಡ್ಕಬ್ಯಾಡ ಕಣವ್ವ, ಹುಳಕ್ಕೆ ನಿನ್ ಕಷ್ಟ ಗೊತ್ತಾಗಾಕಿಲ್ಲ," ಎಂದರು.

ನಾನು ಅಪ್ಪನನ್ನು ಬೈಕು ಕೇಳಿದೆ. ಅಪ್ಪ ಯೋಚಿಸಿ ಹೇಳಿದರು. "ಕೆಲ್ಸ ಸಿಕ್ಕುದ್ರೆ ಗಾಡಿ ನಿಂದು. ಸಿಗ್ನಿಲ್ಲ ಅಂದ್ರೆ ಗುಜರಿಯವನಿಗೆ ಕೊಟ್ಬುಡ್ತೀನಿ, ಜಾಗನಾದ್ರೂ ಆಯ್ತದೆ."

ಜೂನ್ ನಾಲ್ಕು, ಭಾನುವಾರ, ಕೋಳಿಯನ್ನು ಎಬ್ಬಿಸಿ ಬೈಕನ್ನು ಹೊರಗೆ ತಳ್ಳಿದೆ. ಪಾಂಡವಪುರದಿಂದ ಶಫಿ ಭಾಯಿ ಬಂದರು. ಅಪ್ಪನ ಕಾಲದಿಂದ ಇದೇ ಬೈಕಿನ ಮೆಕ್ಯಾನಿಕ್ಕು. ಪ್ಲಗ್ಗು ಬಿಚ್ಚಿ ಒರೆಸಿದರು, ಟ್ಯಾಂಕಿನ ತುಕ್ಕು ತೊಳೆದರು, ಮೂರನೇ ದಿನಕ್ಕೆ ಎಂಜಿನ್ ಮಾತಾಡಿತು. "ಬೇಟಿ, ಇದು ಬರೀ ಪೆಟ್ರೋಲ್ ಕುಡಿಯೋ ಗಾಡಿ ಅಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸ್ಬೇಕು. ಮರೆತ್ರೆ ಖತಂ," ಎಂದರು. ನಾನು ಡೈರಿಯಲ್ಲಿ ಬರೆದುಕೊಂಡೆ: ಲೀಟರಿಗೆ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಮೂರು.

ಕೆರೆ ಏರಿಯ ಕೆಳಗಿನ ಬಯಲಲ್ಲಿ ಕಲಿತೆ. ಡೈರಿಯ ಲೆಕ್ಕದ ಪ್ರಕಾರ ಬಿದ್ದದ್ದು ಹನ್ನೊಂದು ಸಲ. ಎಂಜಿನ್ ನಿಂತದ್ದನ್ನು ಅರವತ್ತರವರೆಗೆ ಎಣಿಸಿ ಬಿಟ್ಟೆ. ಹದಿನಾಲ್ಕನೇ ತಾರೀಖು ಸಂಜೆ ಐದೂ ಮುಕ್ಕಾಲಿಗೆ ಮೊದಲ ಸಲ ಏರಿಯ ಮೇಲೆ ಮೂರನೇ ಗೇರಿಗೆ ಹಾಕಿದೆ. ಎಡಕ್ಕೆ ನೀರು, ಬಲಕ್ಕೆ ನಾಟಿಗೆ ಕೆಸರು ಮಾಡಿದ ಗದ್ದೆಗಳು, ಎದುರಿನಿಂದ ಮಳೆ ಹೊತ್ತ ಗಾಳಿ. ಅಲ್ಲಿಯವರೆಗೆ ಬೈಕು ನನ್ನ ಕೆಳಗಿದ್ದ ಒಂದು ಭಾರ. ಆ ಹೊತ್ತಿನಲ್ಲಿ ಭಾರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಾನು ನೋಡಿದ ಕಡೆಗೆ ಅದು ಹೋಗುತ್ತಿತ್ತು. ಏರಿ ಮುಗಿದರೂ ನಿಲ್ಲಿಸದೆ ಮುಂದಿನ ಊರಿನವರೆಗೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ ಒಂದು ಟೀ ಕುಡಿದು ಬಂದೆ. ಆ ದಿನದ ಪುಟದಲ್ಲಿ ಲೆಕ್ಕ ಬರೆದಿಲ್ಲ. "ನಾಳೆಯೂ" ಎಂದಷ್ಟೇ ಇದೆ.

ಮನೆಗೆ ಬಂದಾಗ ತಾತ ಜಗಲಿಯಲ್ಲಿದ್ದರು. "ಎಲ್ಲೋಗಿದ್ದೆ?"

"ಸುಮ್ನೆ."

"ಸುಮ್ನೆ ಓಗಾಕೆ ಎಣ್ಣೆ ಸುಡ್ತಾರಾ? ಎತ್ತಾದ್ರೆ ಉಲ್ಲು ತಿಂದು ಸಗಣಿನಾದ್ರೂ ಆಕ್ತದೆ."

ಮೊದಲ ಮೂರು ಸಲ ಎಲ್ಲವೂ ಸರಿಯಾಗಿ ನಡೆಯಿತು. ಜೂನ್ ಇಪ್ಪತ್ತಾರು, ಬಿಂಡಿಗನವಿಲೆ ತಲುಪಿದ್ದು ಎಂಟೂ ನಲವತ್ತು. ಜುಲೈ ಆರು, ಎಂಟೂವರೆ. ಹದಿನೇಳು, ಎಂಟೂ ಇಪ್ಪತ್ತೈದು. ಹುಳುವಿನ ಟ್ರೇ ಇಡಲು ಹಿಂದಿನ ಕ್ಯಾರಿಯರಿಗೆ ಮರದ ಪೆಟ್ಟಿಗೆ ಮಾಡಿಕೊಟ್ಟಿದ್ದು ತಾತನೇ. ಗಾಳಿಯಾಡಲು ನಾಲ್ಕೂ ಕಡೆ ಸೀಳು ಬಿಟ್ಟಿದ್ದರು. "ಇದು ಹುಳಕ್ಕೆ ಮಾಡಿದ್ದು, ನಿನ್ ಗಾಡಿಗಲ್ಲ," ಎಂದು ಹೇಳಿಯೇ ಕೊಟ್ಟಿದ್ದರು.

ಮೂರನೇ ಸಲ ಹಿಂದಿರುಗುವಾಗ ಜಕ್ಕನಹಳ್ಳಿಯ ಹತ್ತಿರ ಮಳೆನೀರು ತುಂಬಿದ್ದ ಗುಂಡಿಗೆ ಬಿದ್ದೆ. ಹಿಂಚಕ್ರದ ಐದು ಕಡ್ಡಿ ಮುರಿದವು, ರಿಮ್ಮು ಡೊಂಕಾಯಿತು. ನಾಲ್ಕನೇ ಸರದಿ ಇಪ್ಪತ್ತೇಳಕ್ಕೆ. ಈ ಮಾದರಿಯ ಕಡ್ಡಿ ಹುಡುಕಿ ಮೈಸೂರಿನಿಂದ ತರಿಸುವಷ್ಟರಲ್ಲಿ ಇಪ್ಪತ್ತಾರು ಆಗಿತ್ತು. ಶಫಿ ಭಾಯಿ ನಮ್ಮ ಅಂಗಳದಲ್ಲೇ ಚಕ್ರ ಹಿಡಿದು ಕೂತರು. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ವಾಲುತ್ತಿತ್ತು. ತಾತ ಕಂಬಕ್ಕೆ ಒರಗಿ ಒಂದು ಗಂಟೆ ನೋಡಿದರು.

"ಏನ್ಲಾ ಶಫಿ, ಚಕ್ರ ಕಟ್ತಿದ್ದೀಯೋ, ಮಂಚಕ್ಕೆ ಅಗ್ಗ ನೇಯ್ತಿದ್ದೀಯೋ?"

"ನೀವೇ ಕಟ್ಟಿ ಆಚಾರ್ರೇ. ಮರದ ಗಾಡಿ ಅಲ್ಲ ಇದು."

"ಚಕ್ರ ಚಕ್ರನೇ ಕಣ್ಲಾ. ಏಳು ಅತ್ಲಾಗೆ."

ಅವರು ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ ಕಿವಿಗೊಟ್ಟರು. ಸ್ವರ ದಪ್ಪವಾಗಿದ್ದ ಕಡೆ ಬಿಗಿ ಮಾಡಿದರು, ಸಣ್ಣಗಿದ್ದ ಕಡೆ ಸಡಿಲಿಸಿದರು. ರಿಮ್ಮಿನ ಡೊಂಕಿಗೆ ಮರದ ಸುತ್ತಿಗೆಯಿಂದ ಹನ್ನೆರಡು ಏಟು. ನಾನು ಎಣಿಸಿದೆ. ಮಧ್ಯಾಹ್ನ ಎರಡಕ್ಕೆ ಕೂತವರು ನಾಲ್ಕೂ ಹತ್ತಕ್ಕೆ ಚಕ್ರವನ್ನು ಎತ್ತಿ ತಿರುಗಿಸಿದರು. ಅದು ಅಲ್ಲಾಡದೆ ತಿರುಗಿತು. ಶಫಿ ಭಾಯಿ ಟೋಪಿ ತೆಗೆದು ತಲೆ ಕೆರೆದುಕೊಂಡರು.

ಚಕ್ರ ಏರಿಸಿಯಾಯಿತು. ನಾನು ಕಿಕ್ ಹೊಡೆಯಲು ಹೋದಾಗ ಒಳಗಿನಿಂದ ಅಜ್ಜಿಯ ದನಿ ಬಂತು.

"ನಿಂತ್ಕ ಮಗ. ಮಾಡಿದೋರು ಕೂತ್ರಾ?"

ತಾತ ಕೈ ತೊಳೆಯುತ್ತಿದ್ದರು. "ಅದು ಮರದ ಚಕ್ರಕ್ಕೆ."

"ಚಕ್ರ ಚಕ್ರನೇ ಅಂತ ಈಗ್ತಾನೆ ಶಫಿಗೆ ಏಳಿದ್ದು ಯಾರು? ಐವತ್ ವರ್ಷದಿಂದ ಊರೋರ್ಗೆಲ್ಲ ನ್ಯಾಯ ಏಳ್ಬುಟ್ಟು, ಈಗ ಮೊಮ್ಮಗಳನ್ನ ಸುಮ್ನೆ ಕಳುಸ್ತಾವ್ರೆ ನೋಡು."

ತಾತ ಪಂಚೆ ಎತ್ತಿ ಕಟ್ಟಿ, ಟವಲ್ಲನ್ನು ತಲೆಗೆ ಸುತ್ತಿ, ಎತ್ತಿನ ಬೆನ್ನಿಗೆ ಕೈ ಇಡುವವರಂತೆ ಸೀಟನ್ನು ಮುಟ್ಟಿ ಹಿಂದೆ ಕೂತರು. ಅವರಿಗೆ ಆಗ ಎಪ್ಪತ್ತನಾಲ್ಕು.

ಊರ ಗಡಿಯ ಕಲ್ಲಿಗೆ ನಾಲ್ಕು ನಿಮಿಷ. ಮೊದಲ ಎರಡು ನಿಮಿಷ ಅವರ ಬೆರಳು ನನ್ನ ಹೆಗಲನ್ನು ಇಕ್ಕಳದಂತೆ ಹಿಡಿದಿತ್ತು. ಆಮೇಲೆ ಸಡಿಲವಾಯಿತು. ಕಲ್ಲಿನ ಹತ್ತಿರ ನಿಧಾನ ಮಾಡಿದೆ.

"ಮಗ," ಎಂದರು, "ನೆಲ ಎಲ್ಲೋಯ್ತು?"

ನನಗೆ ಅರ್ಥವಾಗಲಿಲ್ಲ.

"ಗಾಡೀಲಿ ಕೂತ್ರೆ ಒಂದೊಂದ್ ಕಲ್ಲೂ ಸೊಂಟಕ್ಕೆ ಏಳ್ತದೆ, ನಾನಿವ್ನಿ ನಾನಿವ್ನಿ ಅಂತ. ಇದ್ರಲ್ಲಿ ಒಂದೂ ಮಾತಾಡ್ನಿಲ್ವಲ್ಲ."

"ತಿರುಗಿಸ್ಲಾ ತಾತ? ಗಡಿ ಬಂತು."

ಅವರು ಹಿಂದಕ್ಕೆ ಒಂದು ಸಲ, ಮುಂದಕ್ಕೆ ಒಂದು ಸಲ ನೋಡಿದರು. "ಒಸಿ ಮುಂದ್ಕೋಗು. ಚಕ್ರ ಇನ್ನೂ ಬಿಸಿಯಾಗಿಲ್ಲ."

ಚಕ್ರ ಬಿಸಿಯಾಗಲು ನಾವು ಚಿನಕುರಳಿಯವರೆಗೆ ಹೋದೆವು. ಮನೆಗೆ ಬಂದಾಗ ಅಜ್ಜಿ ಕೇಳಿದಳು, ಎಂಗಿತ್ತು ಎಂದು. "ಪರವಾಗಿಲ್ಲ," ಎಂದರು ತಾತ. ಊಟಕ್ಕೆ ಕೂತಾಗ ಎರಡು ಸಲ ತಾವಾಗಿಯೇ ನಕ್ಕರು.

ಮರುದಿನ ಬೆಳಗ್ಗೆ ನಾಲ್ಕೂವರೆಗೆ ನಾನು ಹೊರಟಾಗ ಅವರು ಸ್ನಾನ ಮಾಡಿ, ಕೋಟು ತೊಟ್ಟು, ಸಣ್ಣ ಕೈಚೀಲ ಹಿಡಿದು ಬೈಕಿನ ಪಕ್ಕ ನಿಂತಿದ್ದರು. "ಪೆಟ್ಗೆ ಅಲ್ಲಾಡ್ತದೆ. ಯಾರಾದ್ರೂ ಇಡ್ಕಬೇಕು." ಮೂರು ಸಲ ಅಲ್ಲಾಡದ ಪೆಟ್ಟಿಗೆ ಅದು. ನಾನು ಅವರನ್ನು ಹತ್ತಿಸಿಕೊಂಡೆ.

ಪಾಂಡವಪುರದಲ್ಲಿ ಮೂರು ಲೀಟರ್ ಪೆಟ್ರೋಲ್ ಹಾಕಿಸಿ ಜಯಮ್ಮನವರ ಮನೆಗೆ ಹೋದೆವು. ಟ್ರೇ ಎಣಿಸಿಕೊಳ್ಳಲು ಒಳಗೆ ಹೋಗುತ್ತಾ, "ತಾತ, ಟೂಲ್ ಡಬ್ಬೀಲಿ ಬಾಟ್ಲಿ ಅದೆ, ಒಂಬತ್ತು ಮುಚ್ಚಳ ಎಣ್ಣೆ ಹಾಕ್ಬುಡು," ಎಂದೆ. ಹೊರಗೆ ಬಂದು ಕೇಳಿದಾಗ, "ಒಂಬತ್ತೂ ಆಕಿವ್ನಿ, ಎಣಿಸ್ಕಂಡೇ ಆಕಿವ್ನಿ," ಎಂದರು. ನಾನು ಡೈರಿಯಲ್ಲಿ ಗುರುತು ಹಾಕಿದೆ: ಆಯಿಲು ಒಂಬತ್ತು, ತಾತ. ಆರೂ ಇಪ್ಪತ್ತಕ್ಕೆ ಹೊರಟೆವು. ಪೆಟ್ಟಿಗೆ ಕ್ಯಾರಿಯರಿನ ಮೇಲೆ, ತಾತನ ಒಂದು ಕೈ ಅದರ ಮೇಲೆ.

ಜಕ್ಕನಹಳ್ಳಿ ದಾಟಿದ ಮೇಲೆ ಕನ್ನಡಿಯಲ್ಲಿ ರಸ್ತೆ ಕಾಣಿಸಲಿಲ್ಲ. ಬರೀ ಬಿಳಿ ಹೊಗೆ. ಎಂಜಿನ್ ಎರಡು ಸಲ ಕೆಮ್ಮಿ, ಒಂದು ಹೊಂಗೆ ಮರದ ಹತ್ತಿರ ನಿಂತುಹೋಯಿತು. ಏಳೂ ಹದಿನೆಂಟು.

ತಾತ ಮೂಗು ಅರಳಿಸಿದರು. "ಮಗ, ಬಾಣಂತಿ ಕ್ವಾಣೆ ವಾಸ್ನೆ ಬತ್ತದಲ್ಲ?"

ನನಗೂ ಬಂತು. ಟೂಲ್ ಡಬ್ಬಿ ತೆಗೆದು ನೋಡಿದೆ. ಆಯಿಲ್ ಬಾಟಲಿಯಲ್ಲಿ ಹಿಂದಿನ ಸಲ ಎಷ್ಟು ಉಳಿದಿತ್ತೋ ಅಷ್ಟೇ ಇತ್ತು.

"ತಾತ, ಯಾವ ಎಣ್ಣೆ ಹಾಕ್ದೆ?"

ಅವರು ಕೈಚೀಲದಿಂದ ಸೀಸೆ ತೆಗೆದು ಹೆಮ್ಮೆಯಿಂದಲೇ ತೋರಿಸಿದರು. ಮನೆಯಲ್ಲಿ ಕಾಸಿದ ಹರಳೆಣ್ಣೆ. "ಆ ಬಾಟ್ಲಿದು ನೀರಿದ್ದಂಗೆ ಅದೆ ಕಣವ್ವ. ಅದ್ನ ಆಕಿ ಗಾಡಿ ಕಳುಸ್ತಾರಾ? ಚಕ್ರ ನಾನ್ ಕಟ್ಟಿರದು." ಹೇಳುತ್ತಲೇ ನನ್ನ ಮುಖ ನೋಡಿದರು. ಸೀಸೆಯನ್ನು ಮೆಲ್ಲಗೆ ಚೀಲದೊಳಗೆ ಹಾಕಿದರು.

ತಪ್ಪು ನನ್ನದೂ ಇತ್ತು. ನೋಡದೆ ಗುರುತು ಹಾಕಿದವಳು ನಾನು. ಆದರೆ ಆಗ ಅದನ್ನು ಹೇಳುವಷ್ಟು ಒಳ್ಳೆಯತನ ನನ್ನಲ್ಲಿರಲಿಲ್ಲ. ಪೆಟ್ಟಿಗೆಯನ್ನು ಮರದ ನೆರಳಿಗೆ ಇಳಿಸಿ ಶಫಿ ಭಾಯಿಗೆ ಫೋನು ಮಾಡಿದೆ. ಅವರು ನಗುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತು ಬೇಕಾಯಿತು.

"ಅರೆ ಆಚಾರ್ರೇ, ಗಾಡಿಗೆ ಭೇದಿ ಮಾಡಿಸ್ಬಿಟ್ರಾ?" ಎಂದರು. ಆಮೇಲೆ ಸರಿಯಾಗಿ ಹೇಳಿದರು. "ಕೇಳು ಬೇಟಿ. ಅದು ಪೆಟ್ರೋಲಲ್ಲಿ ಸರಿಯಾಗಿ ಕರಗಲ್ಲ. ಹತ್ತು ನಿಮಿಷ ಗಾಡಿ ಅಲ್ಲಾಡಿಸ್ಬೇಡ, ಎಣ್ಣೆ ತಳಕ್ಕೆ ಕೂತ್ಕೊಳ್ಲಿ. ಪೈಪು ಬಿಚ್ಚಿ ಕೆಳಗಿಂದ ಬಿಟ್ಬಿಡು. ಕಾರ್ಬೊರೇಟರ್ ಬಟ್ಟಲು ಒರೆಸು. ಪ್ಲಗ್ಗು ಉಜ್ಜು. ಆದ್ರೆ ಎಣ್ಣೆ ಎಲ್ಲಿಗೆ ಮುಗೀತು, ಪೆಟ್ರೋಲ್ ಎಲ್ಲಿಂದ ಶುರು ಆಯ್ತು ಅಂತ ನೋಡ್ಕೋಬೇಕು. ಪೆಟ್ರೋಲ್ ಎಲ್ಲಾ ಚೆಲ್ಬಿಟ್ರೆ ನಾಗಮಂಗಲನೂ ಸೇರಲ್ಲ ನೀನು."

ಆ ಹತ್ತು ನಿಮಿಷದಷ್ಟು ಉದ್ದದ ಹತ್ತು ನಿಮಿಷವನ್ನು ನಾನು ಮತ್ತೆ ನೋಡಿಲ್ಲ. ಪ್ಲಗ್ಗು ಉಜ್ಜಿ ಮುಗಿಸಿ ವಾಚು ನೋಡಿದರೆ ಇನ್ನೂ ಆರು ನಿಮಿಷ ಇತ್ತು. ಮೋಡ ಸರಿದು ಬಿಸಿಲು ಬರುತ್ತಿತ್ತು. ತಾತ ತಲೆಯ ಟವಲ್ಲನ್ನು ಬಿಚ್ಚಿ, ರಸ್ತೆ ಬದಿಯ ಕಾಲುವೆಯಲ್ಲಿ ನೆನೆಸಿ ಹಿಂಡಿ, ಪೆಟ್ಟಿಗೆಯ ಸೀಳುಗಳ ಮೇಲೆ ಹೊದಿಸಿದರು. ಮೇಲಿನ ಟ್ರೇಯ ಮೂಲೆಯಲ್ಲಿ ಮೂರು ಹುಳು ತಲೆ ಆಡಿಸುತ್ತಿದ್ದವು. ಜ್ವರದಿಂದ ಏಳುವ ಹೊತ್ತು ಹತ್ತಿರವಾಗಿತ್ತು.

"ನಿನ್ ಕೆಲ್ಸ ನಾನೇ ಕಳುದ್ನಾ ಮಗ?" ಎಂದರು ತಾತ.

"ಇನ್ನೂ ಹೊತ್ತದೆ," ಎಂದೆ. ಎಷ್ಟು ಹೊತ್ತು ಎಂದು ಹೇಳಲಿಲ್ಲ.

ಪೈಪು ಬಿಚ್ಚಿ ಟ್ಯಾಪು ತಿರುಗಿಸಿದೆ. ಊಟದ ಡಬ್ಬಿಯೊಳಗೆ ಸಣ್ಣ ಧಾರೆ ಬಿತ್ತು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಬಣ್ಣ. ತಾತ ಧಾರೆಯ ಕೆಳಗೆ ಬೆರಳಿಟ್ಟು ಹೆಬ್ಬೆರಳಿನಿಂದ ಉಜ್ಜಿದರು. ಐವತ್ತು ವರ್ಷ ಹರಳೆಣ್ಣೆಯಲ್ಲಿ ಅದ್ದಿದ ಬೆರಳು. "ಇನ್ನೂ ಅದೆ," ಎಂದರು. "ಇನ್ನೂ ಅದೆ. ಅದೆ. ಒಸಿ ಅದೆ." ಕಣ್ಣು ಮುಚ್ಚಿಕೊಂಡರು. "ಈಗ ನಿಲ್ಸು."

ನಿಲ್ಲಿಸಿದೆ. ಉಳಿದಿದ್ದ ಪೆಟ್ರೋಲನ್ನು ಅಂದಾಜು ಮಾಡಿ, ಬಾಟಲಿಯಿಂದ ಆರು ಮುಚ್ಚಳ ಆಯಿಲ್ ಹಾಕಿ, ಮುಚ್ಚಳ ಭದ್ರ ಮಾಡಿ ಬೈಕನ್ನು ಎರಡೂ ಕಡೆ ತೂಗಿದೆ. ನಾಲ್ಕನೇ ಕಿಕ್ಕಿಗೆ ಎಂಜಿನ್ ಎದ್ದಿತು. ಏಳೂ ಐವತ್ತಮೂರು. ತಾತ ಪೆಟ್ಟಿಗೆಯನ್ನು ಕಟ್ಟಿ ತಾವೇ ಹತ್ತಿ ಕೂತು, "ಓಡ್ಸು ಮಗ, ನಂಗೇನೂ ಭಯ ಇಲ್ಲ," ಎಂದರು.

ನಾಗಮಂಗಲದಲ್ಲಿ ನಿಲ್ಲಲಿಲ್ಲ. ಅಲ್ಲಿಂದಾಚೆ ಕುರಿಮಂದೆ ಒಂದು ಅಡ್ಡ ಬಂತು. ನಾನು ಹಾರ್ನ್ ಒತ್ತುವ ಮೊದಲೇ ತಾತ ಹಿಂದಿನಿಂದ ಎತ್ತುಗಳನ್ನು ಬೆದರಿಸುವ ದನಿಯಲ್ಲಿ ಕೂಗಿದರು, ಮಂದೆ ಎರಡಾಗಿ ದಾರಿ ಬಿಟ್ಟಿತು. ಬಿಂಡಿಗನವಿಲೆಯ ರೈತರ ಮನೆ ಮುಂದೆ ಕಾಲೂರಿದಾಗ ಎಂಟೂ ಐವತ್ತಾರು. ಹುಳುಮನೆಯ ಗೌಡರು ಟ್ರೇ ತೆಗೆದು ನೋಡಿದರು. ನಾಲ್ಕೈದು ಎದ್ದಿದ್ದವು, ಉಳಿದದ್ದೆಲ್ಲ ಇನ್ನೂ ಜ್ವರದಲ್ಲೇ ಇತ್ತು. ಆಮೇಲೆ ತಾತನನ್ನು ಮೂಸಿ ನೋಡಿ, "ಇದೇನ್ ಯಜಮಾನ್ರೇ, ಎಣ್ಣೆ ನೀರಾಕಂಡು ಬಂದಿದ್ದೀರಾ? ಸೋಪಾಕಿ ಕೈ ತೊಳೀರಿ ಮೊದ್ಲು. ಹುಳಕ್ಕೆ ವಾಸ್ನೆ ಆಗಾಕಿಲ್ಲ," ಎಂದು ಬಾಗಿಲಾಚೆಯೇ ನಿಲ್ಲಿಸಿದರು.

ಮಧ್ಯಾಹ್ನ ಜಯಮ್ಮನವರ ಫೋನು ಬಂತು. "ನಾಕು ನಿಮ್ಷ ಉಳ್ಸಿದ್ದೀಯ. ಆಗಸ್ಟ್ ಒಂದ್ರಿಂದ ಬಾ. ಅಂದಂಗೆ, ನಿಮ್ ತಾತ ಯಾಕೆ ಬಂದಿದ್ರು?"

"ಪೆಟ್ಟಿಗೆ ಹಿಡ್ಕಳಾಕೆ," ಎಂದೆ.

ಬೈಕು ನನ್ನದಾಯಿತು. ಬರುವ ದಾರಿಯಲ್ಲಿ ಆ ಹೊಂಗೆ ಮರದ ಕೆಳಗೆ ನಿಲ್ಲಿಸಿ, ಗುರುತು ಹಾಕಿದ ಪುಟವನ್ನು ತಾತನಿಗೆ ತೋರಿಸಿ, ತಪ್ಪು ಇಬ್ಬರದೂ ಎಂದು ಹೇಳಿದೆ. ಅವರಿಗೆ ಓದಲು ಬರುವುದಿಲ್ಲ. "ಬರ್ದಿದ್ಯಲ್ಲ, ಬುಡು," ಎಂದರು.

ಇನ್ನು ಒಂದು ವಿಷಯ ಉಳಿದಿದೆ. ಅದು ಡೈರಿ ಇಡದವರಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಜುಲೈ ಮೂವತ್ತು, ಭಾನುವಾರ, ಬೈಕು ಒರೆಸುವಾಗ ಹಿಂಚಕ್ರದ ಒಂದು ಕಡ್ಡಿ ಸಡಿಲವಾಗಿತ್ತು. ತಾತ ಬಿಗಿ ಮಾಡಿದರು. ಚಕ್ರ ಮುಟ್ಟಿದ ಮೇಲೆ ಪದ್ಧತಿಯಂತೆ ಅವರೇ ಮೊದಲು ಕೂರಬೇಕು. ಕೂತರು, ಗಡಿಯ ಕಲ್ಲು ದಾಟಿ ಚಿನಕುರಳಿಗೆ ಹೋಗಿ ಟೀ ಕುಡಿದು ಬಂದೆವು. ಮುಂದಿನ ಭಾನುವಾರವೂ ಒಂದು ಕಡ್ಡಿ ಸಡಿಲ. ಅದರ ಮುಂದಿನದೂ. ಉಗಾದಿಯ ಹೊತ್ತಿಗೆ ಮೂವತ್ತನಾಲ್ಕು ಭಾನುವಾರ ಆಗಿದ್ದವು. ಅದರಲ್ಲಿ ಮೂವತ್ತೊಂದು ಸಲ ಕಡ್ಡಿ ಸಡಿಲವಾಗಿತ್ತು, ಪ್ರತಿ ಸಲವೂ ಗಾಳಿ ತುಂಬುವ ವಾಲ್ವಿನ ಪಕ್ಕದ್ದೇ. ಆಗದ ಮೂರು ಭಾನುವಾರಗಳಲ್ಲಿ ಎರಡರಂದು ತಾತನಿಗೆ ಜ್ವರ, ಒಂದರಂದು ಅವರು ನಾಗಮಂಗಲಕ್ಕೆ ಮದುವೆಗೆ ಹೋಗಿದ್ದರು. ವಾರದ ಬೇರೆ ಯಾವ ದಿನವೂ, ನಾನು ಹುಳು ಹೊತ್ತು ಬೈಕನ್ನು ಎಷ್ಟು ಗುಂಡಿಗೆ ಇಳಿಸಿದರೂ, ಒಂದು ಕಡ್ಡಿಯೂ ಸಡಿಲವಾಗಿಲ್ಲ.

ಪುಟಗಳನ್ನು ಶಫಿ ಭಾಯಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ ಪೂರ್ತಿ ಓದಿ, "ಕಬ್ಬಿಣಕ್ಕೆ ಇಷ್ಟು ಶಿಸ್ತು ಇರಲ್ಲ ಬೇಟಿ," ಎಂದರು. "ಆಚಾರ್ರಿಗೆ ಹೇಳ್ಬೇಡ."

ನಾನು ಇವತ್ತಿಗೂ ಹೇಳಿಲ್ಲ. ತಾತನಿಗೆ ಈಗ ಎಪ್ಪತ್ತೊಂಬತ್ತು. ಮೊನ್ನೆ ಭಾನುವಾರವೂ ಅವರು ಬೈಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಕಡ್ಡಿ ಮೀಟಿ, "ನೋಡವ್ವ, ಮತ್ತೆ ಸಡ್ಲ ಆಗ್ಬುಟ್ಟದೆ, ಏನ್ ಮಾಡೂದು," ಎಂದರು. ಅಜ್ಜಿ ಆಗಲೇ ಅವರ ಕೋಟು ತಂದು ಜಗಲಿಯ ಮೇಲೆ ಇಟ್ಟಿದ್ದಳು.

ನನಗೆ ಗೊತ್ತಿಲ್ಲದ್ದು ಒಂದಿದೆ. ಚಕ್ರ ಮಾಡಿದವನೇ ಮೊದಲು ಕೂರಬೇಕು ಎಂಬ ಪದ್ಧತಿ ನಮ್ಮ ಮನೆಯದು ಮಾತ್ರವೇ, ಅಥವಾ ಪಾಂಡವಪುರ, ನಾಗಮಂಗಲದ ಕಡೆಯ ಆಚಾರಿಗಳ ಮನೆಗಳಲ್ಲೂ ಇತ್ತೇ? ಇದ್ದರೆ, ಬರೀ ಗಡಿಯ ಕಲ್ಲಿನವರೆಗೆ ಹೋದರೆ ಸಾಕೇ, ಇನ್ನೂ ಮುಂದೆ ಹೋಗಲು ಅವಕಾಶವಿದೆಯೇ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ತಾತ ಈಗ ಮೇಲುಕೋಟೆ ಬೆಟ್ಟ ಹತ್ತಿಸು ಎನ್ನುತ್ತಿದ್ದಾರೆ, ಅದಕ್ಕೆ ಎಷ್ಟು ಕಡ್ಡಿ ಸಡಿಲವಾಗಬೇಕು ಎಂದು ಅವರೂ ಲೆಕ್ಕ ಹಾಕುತ್ತಿರುವ ಹಾಗಿದೆ.